ನಿಮ್ಮ ಫೋಟೋಗಳಲ್ಲಿ ಮನುಷ್ಯರು ಯಾಕಿಲ್ಲ?

ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮ ವೈನಿ, ಎಂದರೆ ಅತ್ತಿಗೆ. ಒಂದು ಸಂಜೆ ಧಾರವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನಾನು ಹಂಚಿಕೊಂಡ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಸರಿಸುತ್ತ ಹೋದರು. ಲಕ್ಕುಂಡಿಯ ಬಾವಿಯ ಮೆಟ್ಟಿಲು, ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಯ ಬೋರ್ಡು, ಒಂದು ಜೋಡಿ ಮಣ್ಣೆತ್ತು, ಕಸೂತಿ ಹಾಕಿದ ಸೆರಗು, ಚಿಗರಿ ಬಸ್ಸಿನ ಕಿಟಕಿಯ ಮೇಲೆ ಜಾರುತ್ತಿರುವ ಮಳೆಹನಿ, ಒಲೆಯ ಮೇಲೆ ಉಬ್ಬಿದ ರೊಟ್ಟಿ. ಮೊಬೈಲು ಹಿಂದಕ್ಕೆ ಕೊಡುತ್ತ, "ಈ ಊರುಗಳಲ್ಲಿ ಮಂದಿಯೇ ಇಲ್ಲವೇನು? ಎಲ್ಲರೂ ಗುಳೆ ಹೋದಂತಿದೆ" ಎಂದರು.

ಆಮೇಲೆ ಕಚೇರಿಯವರು ಕೇಳಿದರು, ಬೆಂಗಳೂರಿನಿಂದ ಬಂದ ಗೆಳತಿ ಕೇಳಿದಳು, ಮದುವೆ ಮನೆಯಲ್ಲಿ ಪರಿಚಯವಾದವರೂ ಕೇಳಿದರು. ಬೆಳಕು ಸರಿ ಇರಲಿಲ್ಲ ಎಂದೋ, ಮುಖ ತೆಗೆಯುವುದು ನನಗೆ ಒಗ್ಗುವುದಿಲ್ಲ ಎಂದೋ ಹೇಳಿ ಜಾರಿಕೊಂಡಿದ್ದೇನೆ. ಎರಡೂ ಸುಳ್ಳು. ಒಂದು ಕಾಲದಲ್ಲಿ ನಾನು ಮುಖಗಳನ್ನೇ ತೆಗೆಯುತ್ತಿದ್ದೆ, ಮತ್ತು ಚೆನ್ನಾಗಿಯೇ ತೆಗೆಯುತ್ತಿದ್ದೆ. ಹಾಗೆ ಚೆನ್ನಾಗಿ ಬಂದ ಒಂದು ಫೋಟೋದಿಂದಲೇ ಇದೆಲ್ಲ ಶುರುವಾಯಿತು.

2022ರ ಜನವರಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನೋಡಬೇಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿದ್ದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ಆ ಬಣ್ಣಕ್ಕಾಗಿಯೇ ಅದರ ಸತ್ವ ಹಿಂಡಿ ತೆಗೆಯುತ್ತಾರೆ, ಅದು ತುಟಿಬಣ್ಣದವರೆಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಇರಲಿ, ಖಾರ ಕಡಿಮೆ ಎಂಬ ಮಾತನ್ನು ನಂಬಿ ರಾಶಿಗಳ ನಡುವೆ ಕಾಲಿಟ್ಟರೆ ಮೂರನೆಯ ಉಸಿರಿಗೆ ಸೀನು ಬರುತ್ತದೆ, ನಾಲ್ಕನೆಯದಕ್ಕೆ ಕಣ್ಣೀರು. ಅಲ್ಲಿ ಹೆಂಗಸರು ಗುಂಪಾಗಿ ಕುಳಿತು ತುಂಬು ಬಿಡಿಸುತ್ತಿದ್ದರು, ಎಂದರೆ ಕಾಯಿಯ ತೊಟ್ಟು ಮುರಿಯುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು, ಕೈ ಒಂದು ಕಡೆ, ಮಾತು ಇನ್ನೊಂದು ಕಡೆ. ಯಾರದೋ ಅತ್ತೆಯ ವಿಷಯ ನಡೆದಿತ್ತು. ಒಬ್ಬಾಕೆ ನಕ್ಕು ನಕ್ಕು, ಮೂಗಿನ ಬಟ್ಟೆ ಕೆಳಗೆ ಜಾರಿ, ಘಾಟು ಒಳಗೆ ಹೋಗಿ ಕೆಮ್ಮಿದರು. ಕೆಮ್ಮು ನಿಂತ ಕ್ಷಣ ತಲೆ ಎತ್ತಿದರು. ಸುತ್ತ ಕೆಂಪು ರಾಶಿ, ತಗಡಿನ ಸಂದಿಯಿಂದ ಕೆನ್ನೆಗೆ ಬಿದ್ದ ಬಿಸಿಲು, ಆ ಬಿಸಿಲಿನಲ್ಲಿ ಇಳಿಯುತ್ತಿರುವ ಒಂದು ಹನಿ. ನಾನು ಒತ್ತಿದೆ.

ಹೆಸರು ಕೇಳಲಿಲ್ಲ, ತೆಗೆಯಲೇ ಎಂದೂ ಕೇಳಲಿಲ್ಲ. ಕೇಳಿದರೆ ಜನ ನೆಟ್ಟಗೆ ಕುಳಿತುಬಿಡುತ್ತಾರೆ, ಸಹಜತೆ ಕೆಡುತ್ತದೆ ಎಂಬುದು ಆಗ ನನ್ನ ಸಿದ್ಧಾಂತ. ಮನೆಗೆ ಬಂದು ಮೂಲೆಯಲ್ಲಿ ನನ್ನ ಹೆಸರು ಹಾಕಿ ಹಂಚಿಕೊಂಡೆ. ಬಹಳ ಮಂದಿ ಮೆಚ್ಚಿದರು. ನಾನು ಎರಡು ದಿನ ಬೀಗಿದೆ, ಮೂರನೆಯ ದಿನ ಮರೆತೆ.

2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಆ ವಾರ ನನ್ನ ಹಳೆಯ ಫೋಟೋ ಯಾರದೋ ಕೈಗೆ ಸಿಕ್ಕಿತು. ಕೆಳಗೆ ಹೊಸ ಸಾಲು ಸೇರಿತು: ಬೆಲೆ ಸಿಗದೆ ಕಣ್ಣೀರಿಟ್ಟ ರೈತ ಮಹಿಳೆ. ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಅದು ನನ್ನ ಕಚೇರಿಯ ಗುಂಪಿಗೂ ಬಂತು. ದೊಡ್ಡ ಸಿಟ್ಟಿನ ನಡುವೆ ಒಂದು ಸಣ್ಣ ಸುಳ್ಳು. ರೈತರ ಸಂಕಟ ನಿಜವೇ ಇತ್ತು, ಆದರೆ ಆ ಹನಿ ಅದರದಲ್ಲ. ಆಕೆ ರೈತರೂ ಅಲ್ಲ, ಕೂಲಿಗೆ ಬಂದವರು. ಅದು ಹೀಗಲ್ಲ ಎಂದು ನಾನು ಬರೆದು ಹಾಕಿದೆ. ಫೋಟೋ ಹೋದ ದಾರಿಯಲ್ಲಿ ತಿದ್ದುಪಡಿ ಹೋಗುವುದಿಲ್ಲ.

ನಾಲ್ಕನೆಯ ದಿನ ಒಂದು ಕರೆ ಬಂತು. ಹುಡುಗನ ದನಿ. ಎಲ್ಲರೂ ಮೂಲೆಯ ಹೆಸರನ್ನು ಕತ್ತರಿಸಿ ಹಂಚಿದ್ದರೂ ಎಲ್ಲೋ ಒಂದು ಪ್ರತಿಯಲ್ಲಿ ಅದು ಉಳಿದಿತ್ತು. ಅದನ್ನು ಹಿಡಿದು ನಂಬರು ಹುಡುಕಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. "ನಮ್ಮ ಅವ್ವ ಅತ್ತಿರಲಿಲ್ಲ ಮೇಡಂ" ಎಂದ, ಅಷ್ಟೇ. ಬೈದಿದ್ದರೆ ಒಂದಿಷ್ಟು ವಾದವನ್ನಾದರೂ ಮಾಡಬಹುದಿತ್ತು.

ಆ ದಿನದಿಂದ ನಾನು ಹಂಚುವ ಫೋಟೋಗಳಿಂದ ಜನ ಗುಳೆ ಹೋದರು.

ಜನರಿಲ್ಲದೆ ಏನು ಉಳಿಯುತ್ತದೆ ಎಂದು ನನಗೂ ಅನುಮಾನವಿತ್ತು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಆ ಅನುಮಾನ ಸ್ವಲ್ಪ ಸಡಿಲವಾಯಿತು. ಹಿಟ್ಟಿನ ಗಿರಣಿಯ ಗೋಡೆಗೆ ಒಬ್ಬ ಪೇಂಟರ್ ಹೆಸರು ಬರೆಯುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ದಾರಕ್ಕೆ ನೀಲಿ ಪುಡಿ ಬಳಿದು, ಒಂದು ತುದಿಯನ್ನು ಗಿರಣಿಯ ಹುಡುಗನ ಕೈಗೆ ಕೊಟ್ಟು, ಬಿಗಿ ಮಾಡಿ, ನಡುವೆ ಬೆರಳಿನಿಂದ ಎಳೆದು ಬಿಟ್ಟರು. ಟಪ್ ಎಂದು ಗೋಡೆಯ ಮೇಲೆ ಗೆರೆ. ಕೆಳಗೆ ಇನ್ನೊಂದು. ಆ ಎರಡು ಗೆರೆಗಳ ನಡುವೆ ಅಳತೆಯಿಲ್ಲದೆ, ಸೀಸದ ಕಡ್ಡಿಯ ಗುರುತೂ ಇಲ್ಲದೆ, ನೇರ ಕುಂಚದಿಂದಲೇ ‘ಗಿರಣಿ’ ಮೂಡಿತು. ಎಡಗೈ ಗೋಡೆಗೆ ಊರಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟು, ಗುಡಿಸಿನ ಸುತ್ತನ್ನು ಒಂದೇ ಉಸಿರಿನಲ್ಲಿ ತಿರುಗಿಸಿದರು. ಕೆಂಪು ಅಕ್ಷರ ಆರುವವರೆಗೆ ಒಂದು ಚಹಾ. ಆಮೇಲೆ ಪ್ರತಿಯೊಂದರ ಬಲಬದಿಗೆ ಕರಿಯ ನೆರಳು. ಅಕ್ಷರಗಳು ಗೋಡೆ ಬಿಟ್ಟು ಮುಂದೆ ಬಂದು ನಿಂತವು.

ಈ ಸಲ ಕೇಳಿದೆ. "ನಿಮ್ಮ ಫೋಟೋ ತೆಗೆಯಲೇ ಕಾಕಾ?"

"ಮುಖ ಬೇಡವ್ವಾ, ಹಲ್ಲು ಕಟ್ಟಿಸಿಲ್ಲ. ಆ ‘ಗಿ’ ತೆಗೆದುಕೋ, ಅದು ಚೆನ್ನಾಗಿ ಬಂದಿದೆ."

ತೆಗೆದುಕೊಂಡೆ. ಮರುವರ್ಷ ಹೋದಾಗ ಆ ಗೋಡೆಯ ಮೇಲೆ ಒಂದು ಫ್ಲೆಕ್ಸ್ ಇತ್ತು, ಅದರ ತುಂಬ ಹುಟ್ಟುಹಬ್ಬದ ಶುಭಾಶಯ ಕೋರುವವರ ಮುಖಗಳು. ಒಟ್ಟು ಹದಿನೇಳು, ನಿಂತು ಎಣಿಸಿದ್ದೇನೆ. ನಮ್ಮ ಊರುಗಳಲ್ಲಿ ಮುಖಗಳಿಗೆ ಬರವಿಲ್ಲ, ನಾನು ತೆಗೆಯದಿದ್ದರೂ ನಡೆಯುತ್ತದೆ ಎಂದು ಅಂದು ಧೈರ್ಯ ಬಂತು.

ಕಸೂತಿ ನನ್ನ ಹವ್ಯಾಸ, ನಮ್ಮ ಆಯಿಯಿಂದ ಬಂದದ್ದು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿ ಮತ್ತು ಮುರಗಿಯನ್ನು ಸರಿಯಾಗಿ ಹಾಕಿದರೆ ಬಟ್ಟೆಯ ಎರಡೂ ಬದಿ ಒಂದೇ ಸಮನಾಗಿ ಕಾಣಬೇಕು. ಎಳೆಗೆ ಗಂಟು ಹಾಕುವಂತಿಲ್ಲ. ಎಳೆ ಎಣಿಸುತ್ತ ಹೋಗಿ, ಖಾಲಿ ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಮನೆಗೆ ಯಾರಾದರೂ ಕಸೂತಿ ತಂದು ತೋರಿಸಿದರೆ ಆಯಿ ಮುಂಬದಿ ನೋಡುತ್ತಲೇ ಇರಲಿಲ್ಲ, ನೇರ ತಿರುವಿ ಹಿಡಿಯುತ್ತಿದ್ದಳು. ಹಾಗಾಗಿ ನಾನು ಕಸೂತಿಯ ಫೋಟೋ ಹಾಕುವಾಗ ಎರಡೂ ಬದಿಯದನ್ನು ಹಾಕುತ್ತೇನೆ. ಹೋದ ತಿಂಗಳು ಹಾಕಿದ ಗೋಪುರದ ಹಿಂಬದಿಯಲ್ಲಿ ಒಂದು ಗಂಟು ಇದೆ. ಇಬ್ಬರು ಹಿರಿಯರು ಅದನ್ನು ಹಿಡಿದುಹಾಕಿದರು. ಇಂಥ ನೋಡುಗರಿಗಾಗಿಯೇ ಫೋಟೋ ಹಂಚಬೇಕು ಅನ್ನಿಸುತ್ತದೆ.

ಪ್ರವಾಸದ ಮಾತಿಗೆ ಬಂದರೆ, ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ನನಗೆ ಯಾವ ಕಟ್ಟುಪಾಡೂ ಇಲ್ಲ. ಅತ್ತಿಮಬ್ಬೆ ಸಾವಿರ ವರ್ಷಗಳ ಹಿಂದೆ ಕಟ್ಟಿಸಿದ ಬ್ರಹ್ಮ ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನಿದ್ದಾನೆ. ನಾಲ್ಕನ್ನೂ ತೆಗೆಯಿರಿ, ಒಂದಾದರೂ ಬೇಡ ಎನ್ನುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯ ರಾಕ್ ಗಾರ್ಡನ್‌ನಲ್ಲಿಯೂ ಅಷ್ಟೇ: ಹಳ್ಳಿಯ ಬದುಕನ್ನೇ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ, ಯಾರಿಗೂ ಸೆರಗು ಸರಿಪಡಿಸಿಕೊಳ್ಳುವ ಚಿಂತೆಯಿಲ್ಲ.

ಇನ್ನೊಂದು ವಿನಾಯಿತಿ ಹುಬ್ಬಳ್ಳಿಯ ರಂಗಪಂಚಮಿ, ಹೋಳಿಯ ಬಣ್ಣದಾಟದ ದಿನ. ಬಂಡಿಯ ಗಾಲಿಯ ಪಟ್ಟಿಗೆ ಚರ್ಮ ಬಿಗಿದ ಜಗ್ಗಲಗಿಯ ಸದ್ದಿಗೆ ಎದೆ ನಡುಗುತ್ತಿರುವಾಗ ಎದುರು ಬಂದವರು ನಮ್ಮ ಮ್ಯಾನೇಜರೋ ತರಕಾರಿಯವರೋ ತಿಳಿಯುವುದಿಲ್ಲ. ಎಲ್ಲರೂ ಒಂದೇ ನೇರಳೆ. ಆ ಒಂದು ದಿನ ಧಾರಾಳವಾಗಿ ಮುಖ ಹಂಚುತ್ತೇನೆ. ಒಬ್ಬರು ಮಾತ್ರ ಕಿವಿಯಿಂದ ಗಂಡನನ್ನು ಗುರುತಿಸಿದ್ದೇನೆ ಎಂದು ಬರೆದಿದ್ದರು.

ಕಾನೂನು ಏನು ಹೇಳುತ್ತದೆ ಎಂದೂ ಕೆಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು, ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆದು ಪ್ರಕಟಿಸಲು ಅದರ 52ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅಲ್ಲಿ ಶಿಲ್ಪದ ಹೆಸರಿದೆ, ಗೋಡೆಯ ಮೇಲಿನ ವರ್ಣಚಿತ್ರದ ಹೆಸರಿಲ್ಲ. ಆದ್ದರಿಂದ ಗೋಡೆಚಿತ್ರ ಹಂಚುವಾಗ ಬರೆದವರು ಯಾರೆಂದು ಓಣಿಯಲ್ಲಿ ವಿಚಾರಿಸುತ್ತೇನೆ, ಆಗುವುದಾದರೆ ಅವರನ್ನೇ ಕೇಳುತ್ತೇನೆ, ಹೆಸರು ಹಾಕುತ್ತೇನೆ. ಬ್ಯಾಡಗಿಯ ಫೋಟೋದ ವಿಷಯದಲ್ಲಿ ಆ ಹಕ್ಕೆಲ್ಲ ನನ್ನ ಕಡೆಗೇ ಇತ್ತು. ಹುಡುಗ ಕರೆ ಮಾಡಿದಾಗ ಅದರಿಂದ ಕಾಸಿನಷ್ಟೂ ಉಪಯೋಗವಾಗಲಿಲ್ಲ.

ಕರೆ ಬಂದ ಮೇಲಿನ ಭಾನುವಾರ ಫೋಟೋದ ದೊಡ್ಡ ಪ್ರತಿಯೊಂದನ್ನು ತೆಗೆಸಿಕೊಂಡು, ಲೈನ್ ಬಜಾರಿನಲ್ಲಿ ಅರ್ಧ ಕಿಲೋ ಫೇಡೆ ಕಟ್ಟಿಸಿಕೊಂಡು ಬ್ಯಾಡಗಿಗೆ ಹೋದೆ. ಹುಡುಗ ನಿಲ್ದಾಣಕ್ಕೆ ಬಂದಿದ್ದ. ಅವ್ವ ಕೆಲಸದಲ್ಲಿದ್ದಾರೆ, ಅಲ್ಲಿಗೇ ಹೋಗೋಣ ಎಂದ. ಆಕೆ ಕೈ ಒರೆಸಿಕೊಂಡು ಹೊರಗೆ ಬಂದರು. ನಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳನ್ನು ಅರ್ಧಕ್ಕೇ ತಡೆದರು.

"ಅದಿರಲಿ ತಂಗೀ. ನನ್ನ ತವರಿನವರು ಫೋನಿನ ಮೇಲೆ ಫೋನು. ಗಂಡ ಹೊಡೆದನೇನು, ಯಾಕೆ ಅತ್ತೆ ಎಂದು. ನಮ್ಮ ಮನೆಯವರೋ, ನಾನು ಯಾವಾಗ ಹೊಡೆದೆ ಎಂದು ಮುನಿಸಿಕೊಂಡು ಎರಡು ದಿನ ಉಣ್ಣಲಿಲ್ಲ."

ಪ್ರತಿಯನ್ನು ಕೈಗೆ ಕೊಟ್ಟೆ. ತೋಳು ಚಾಚಿ ದೂರ ಹಿಡಿದು ನೋಡಿದರು, ಮತ್ತೆ ಹತ್ತಿರ ತಂದು ನೋಡಿದರು. ಕೆಂಪು ರಾಶಿ, ಬಿಸಿಲು, ಹನಿ, ನಾನು ಬೀಗಿದ್ದ ಒಂದನ್ನೂ ಅವರ ಕಣ್ಣು ತಡೆದು ನೋಡಲಿಲ್ಲ. "ಸೆರಗು ಸರಿ ಮಾಡಿಕೋ ಎಂದು ಒಂದು ಮಾತು ಹೇಳಬಾರದಿತ್ತೇ?" ಎಂದರು. ನಂತರ, "ಬಂದದ್ದು ಬಂದಿದ್ದೀರಿ, ಈಗ ಒಂದು ಸರಿಯಾಗಿ ತೆಗೆಯಿರಿ."

ಸರಿಯಾದ ಫೋಟೋ ಎಂದರೆ ಹೇಗಿರಬೇಕು ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಮೆಣಸಿನಕಾಯಿ ಕಾಣಬಾರದು. ಬೇರೆ ಸೀರೆ ತರಲು ಮಗನನ್ನು ಮನೆಗೆ ಓಡಿಸಿದರು. ಗೇಟಿನ ಪಕ್ಕದ ಬಿಳಿ ಗೋಡೆಯ ಮುಂದೆ ಕೈ ಇಳಿಬಿಟ್ಟು, ಉಸಿರು ಹಿಡಿದು, ಆಧಾರ್ ಕಾರ್ಡಿಗೆ ನಿಂತಂತೆ ನಿಂತರು. ಹಿಂದೆ ಏನೂ ಇಲ್ಲ, ಮುಖದಲ್ಲಿಯೂ ಏನೂ ಇಲ್ಲ. ಬೆಳಕು ನೆತ್ತಿಯ ಮೇಲಿಂದ ಬೀಳುತ್ತಿತ್ತು. ನಾನು ತೆಗೆದ ಫೋಟೋಗಳಲ್ಲಿ ಅಷ್ಟು ಸಪ್ಪೆಯಾದದ್ದು ಇನ್ನೊಂದಿಲ್ಲ. ಅದೀಗ ಅವರ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ಕುಳಿತಿದೆ ಎಂದು ಹುಡುಗ ಹೇಳಿದ. ನಿಮಗೆ ತೋರಿಸಲು ಕೇಳಿದ್ದರೆ ಆಕೆ ಒಪ್ಪುತ್ತಿದ್ದರೋ ಏನೋ, ನಾನು ಕೇಳಲಿಲ್ಲ.

ಹೊರಡುವಾಗ ಹುಡುಗ ತನ್ನ ಮೊಬೈಲು ತೆಗೆದು, "ಮೇಡಂ, ಅವ್ವನ ಜೊತೆ ನಿಲ್ಲಿರಿ, ಒಂದು ನನಗೆ" ಎಂದ. ಬೇಡ ಎನ್ನುವ ಅಧಿಕಾರ ನನಗೆಲ್ಲಿತ್ತು? ಒಳಗೆ ರಾಶಿಯ ಪಕ್ಕಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸಿದ. ಆಕೆಗೆ ಅಭ್ಯಾಸವಾದದ್ದು, ಮೂಗಿಗೆ ಸೆರಗು ಹಿಡಿದು ಸುಮ್ಮನೆ ನಿಂತರು. ನನಗೆ ಸೀನು ಬಂದು, ಕೆಮ್ಮು ಬಂದು, ಅವನು ಒತ್ತುವ ಹೊತ್ತಿಗೆ ಎರಡೂ ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು. ಆ ಫೋಟೋ ನನ್ನ ಬಳಿ ಇಲ್ಲ. ಅವನು ಅದನ್ನು ಯಾರಿಗೆ ಕಳಿಸಿದ್ದಾನೋ, ಕೆಳಗೆ ಏನು ಬರೆದಿದ್ದಾನೋ.