ಕೊಂಬಿಲ್ಲದ ಎಮ್ಮೆಗೆ 64 ಮಾರ್ಕ್ಸು

ಹೋದ ತಿಂಗಳು ಅಮ್ಮಂಗೆ ವಾಟ್ಸಾಪಲ್ಲಿ ಒಂದು ನಾಣ್ಯದ ಫೋಟೋ ಕಳ್ಸಿ ಫೋನ್ ಮಾಡಿದ್ದೆ, ಅವ್ಳು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ ಕೇಳಿದ್ದು ಇಷ್ಟೇ, "ಇದು ಎಮ್ಮೆನಾ ಕೋಣನಾ?" ಎರಡೂ ಅಲ್ಲಮ್ಮ, ಅಮೆರಿಕದ ಬೈಸನ್ನು, ನಮ್ ಬಂಡೀಪುರದಲ್ಲಿ ರೋಡ್ ಪಕ್ಕ ನಿಂತಿರುತ್ತಲ್ಲ ಕಾಟಿ, ಅದರ ದೂರದ ನೆಂಟ ಅಂದೆ. "ಒಟ್ನಲ್ಲಿ ಎಮ್ಮೆ ಜಾತಿ" ಅಂತ ತೀರ್ಪು ಕೊಟ್ಟು, ಎಷ್ಟು ಕೊಟ್ಟೆ ಅದಕ್ಕೆ ಅಂದ್ಲು. ಕೇಳಿಸ್ತಿಲ್ಲ ಅಮ್ಮ, ನೆಟ್ವರ್ಕ್ ಸರಿ ಇಲ್ಲ ಅಂತ ಇಟ್ಬಿಟ್ಟೆ.

ಅವತ್ತಿಂದ ನಮ್ಮನೇಲಿ ಬಫೆಲೋ ನಿಕಲ್‌ಗೆ ಎಮ್ಮೆ ಬಿಲ್ಲೆ ಅಂತಲೇ ಹೆಸರು. ಐದು ಸೆಂಟಿನ ನಾಣ್ಯ, 1913ರಿಂದ 1938ರವರೆಗೆ ಬಂದಿದ್ದು. ಒಂದು ಕಡೆ ಅಮೆರಿಕದ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಬೈಸನ್. 5 ಗ್ರಾಂ ತೂಕ, ಹೆಸರಿಗೆ ಮಾತ್ರ ನಿಕಲ್ಲು, ಒಳಗಿರೋದು ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್. ಬೆಳ್ಳಿ ಅಲ್ಲ ಬಂಗಾರ ಅಲ್ಲ, ಕರಗಿಸಿದ್ರೆ ಒಂದು ಟೀ ಕೂಡ ಬರಲ್ಲ. ಇದರ ಹಿಂದೆ ನಾನು ಎಂಟು ವರ್ಷದಿಂದ ಬಿದ್ದಿದೀನಿ.

ಶುರುವಾಗಿದ್ದು ನ್ಯೂಜೆರ್ಸಿಗೆ ಬಂದ ಹೊಸದ್ರಲ್ಲಿ, ಭಾನುವಾರದ ಒಂದು ಸಂತೇಲಿ. ಹಳೇ ಸಾಮಾನು ಮಾರೋ ತಾತ ಒಬ್ರು ಉಪ್ಪಿನಕಾಯಿ ಜಾಡಿ ಥರದ ಗಾಜಿನ ಬಾಟ್ಲಲ್ಲಿ ಇವನ್ನ ತುಂಬಿಟ್ಟಿದ್ರು, ಯಾವ್ದು ತಗೊಂಡ್ರೂ ಒಂದು ಡಾಲರ್. ಒಂದು ಎತ್ಕೊಂಡೆ. ಎಮ್ಮೆ ಕೆಳಗೆ ಎಸ್ ಅಂತ ಸಣ್ಣ ಅಕ್ಷರ ಕಾಣ್ತಿತ್ತು, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ, ಆದ್ರೆ ಇಸವಿ ಇರಬೇಕಾದ ಜಾಗ ಬೋಳು, ನುಣ್ಣಗೆ ಬೆಣ್ಣೆ ಸವರಿದ ಹಾಗೆ. ಜಾಡಿ ಪೂರ್ತಿ ಹಾಗೇ ಇದ್ವು. ಯಾಕೆ ಎಲ್ಲದರಲ್ಲೂ ಇಸವಿ ಹೋಗಿದೆ ಅಂತ ಮನೆಗೆ ಬಂದು ಓದೋಕೆ ಶುರು ಮಾಡಿದೆ, ಅಲ್ಲಿಗೆ ಮುಗೀತು ಕಥೆ.

ವಿಷಯ ಏನಂದ್ರೆ ಇದನ್ನ ಮಾಡಿದ್ದು ಟಂಕಸಾಲೆಯ ಕೆತ್ತನೆಗಾರ ಅಲ್ಲ, ಜೇಮ್ಸ್ ಅರ್ಲ್ ಫ್ರೇಸರ್ ಅನ್ನೋ ಶಿಲ್ಪಿ. ಶಿಲ್ಪಿ ಕಣ್ಣಿಗೆ ಚೆನ್ನಾಗಿ ಕಂಡಿದ್ದನ್ನ ಮಾಡಿದ, ಜೇಬಲ್ಲಿ ಮೂವತ್ತು ವರ್ಷ ಉಜ್ಜಾಡಿದ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ. ಮೊದಲ ವಿನ್ಯಾಸದಲ್ಲಿ ಬೈಸನ್ ಒಂದು ದಿಬ್ಬದ ಮೇಲೆ ನಿಂತಿತ್ತು, ಐದು ಸೆಂಟ್ ಅನ್ನೋ ಅಕ್ಷರ ಆ ದಿಬ್ಬದ ಮೇಲೇ ಉಬ್ಬಿಕೊಂಡಿತ್ತು, ಅದು ಬೇಗ ಸವೆದು ಹೋಗುತ್ತೆ ಅಂತ ಅದೇ ವರ್ಷ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ದಿಬ್ಬ ಕೆತ್ತಿ ಹಾಕಿ ನೆಲ ಸಪಾಟು ಮಾಡಿ ಅಕ್ಷರವನ್ನ ತಗ್ಗಿಗೆ ಇಳಿಸಿದ. ಹಾಗಾಗಿ 1913ರಲ್ಲೇ ಎರಡು ಟೈಪ್ ಸಿಗುತ್ತೆ. ಸರಿ, ಅಕ್ಷರ ಉಳೀತು. ಆದ್ರೆ ಇಸವಿ ಇರೋದು ಆ ಮನುಷ್ಯನ ಭುಜದ ಮೇಲೆ, ಅದೂ ಉಬ್ಬಿರೋ ಜಾಗವೇ, ಅದನ್ನ ಹಾಗೇ ಬಿಟ್ರು! ಮನೆ ಸೋರತ್ತೆ ಅಂತ ಅಡುಗೆಮನೆ ಹೆಂಚು ಮಾತ್ರ ಬದಲಾಯಿಸಿದ ಹಾಗೆ. ಅದಕ್ಕೇ ಇವತ್ತು ಇಸವಿ ಇಲ್ಲದ ಎಮ್ಮೆ ಬಿಲ್ಲೆ ಜಾಡಿಗಟ್ಲೆ ಸಿಗುತ್ತೆ, ಟಂಕಸಾಲೆಯಿಂದ ಈಗಷ್ಟೇ ಬಂತೇನೋ ಅನ್ನೋ ಹಾಗಿರೋದು ಕೆಲವು ಇಸವಿಗಳಲ್ಲಿ ಕೈಗೇ ಸಿಗಲ್ಲ.

ಮುಖ ಯಾರದ್ದು ಅನ್ನೋದಕ್ಕೆ ಒಬ್ಬರ ಹೆಸರಿಲ್ಲ. ಲಕೋಟಾ ಜನಾಂಗದ ಐರನ್ ಟೇಲ್, ಶಯಾನ್ ಜನಾಂಗದ ಟೂ ಮೂನ್ಸ್, ಇನ್ನೊಬ್ಬರು, ಹೀಗೆ ಮೂರ್ನಾಲ್ಕು ಮುಖ ಸೇರಿಸಿ ಮಾಡಿದ್ದು ಅಂತ ಫ್ರೇಸರ್ರೇ ಹೇಳಿದ್ರು, ಆಮೇಲೆ ಆ "ಇನ್ನೊಬ್ಬರು" ನಾನೇ ಅಂತ ಹೇಳ್ಕೊಂಡವರು ತುಂಬ ಜನ. ಬೈಸನ್ ಮಾತ್ರ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಝೂನಲ್ಲಿದ್ದ ಬ್ಲ್ಯಾಕ್ ಡೈಮಂಡ್ ಅಂತ ಸಾಮಾನ್ಯವಾಗಿ ಹೇಳ್ತಾರೆ, ಪಾಪ 1915ರಲ್ಲಿ ಅದನ್ನ ಕಟುಕರಿಗೆ ಮಾರಿಬಿಟ್ರು. ನಾಣ್ಯ ಇನ್ನೂ ಅಚ್ಚಾಗ್ತಾ ಇತ್ತು ಆಗ.

ಇನ್ನು ಗ್ರೇಡು. ನಾಣ್ಯ ಎಷ್ಟು ಚೆನ್ನಾಗಿ ಉಳ್ಕೊಂಡಿದೆ ಅಂತ ನೋಡಿ 1 ರಿಂದ 70ರವರೆಗೆ ಮಾರ್ಕ್ಸ್ ಕೊಡ್ತಾರೆ. ಯಾಕೆ 100 ಅಲ್ಲ 70 ಅಂದ್ರೆ, 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನೋರು ಹಳೇ ಕಾಲದ ದೊಡ್ಡ ತಾಮ್ರದ ಸೆಂಟುಗಳಿಗೆ ಮಾಡಿದ ಲೆಕ್ಕ ಅದು, ಪೂರ್ತಿ ಸವೆದಿದ್ದಕ್ಕೆ ಒಂದು ಪಾಲು ಬೆಲೆ ಅಂದ್ರೆ ಅಪ್ಪಟ ಇರೋದಕ್ಕೆ ಎಪ್ಪತ್ತು ಪಾಲು ಅಂತ. ಬೆಲೆಯ ಲೆಕ್ಕ ಯಾವತ್ತೋ ಬಿದ್ದು ಹೋಯ್ತು, ಅಂಕಿ ಮಾತ್ರ ಉಳ್ಕೊಂಡಿದೆ. 60ರಿಂದ ಮೇಲೆ ಮಿಂಟ್ ಸ್ಟೇಟ್, ಚಲಾವಣೆಗೇ ಹೋಗದೆ ಇದ್ದಿದ್ದು. 65 ಬಂದ್ರೆ ಜೆಮ್. 1986ರಲ್ಲಿ ಪಿಸಿಜಿಎಸ್, ಮಾರನೇ ವರ್ಷ ಎನ್‌ಜಿಸಿ ಅನ್ನೋ ಗ್ರೇಡ್ ಕೊಡೋ ಕಂಪನಿಗಳು ಶುರುವಾದ ಮೇಲೆ ನಾಣ್ಯನ ಗಟ್ಟಿ ಪ್ಲಾಸ್ಟಿಕ್ ಡಬ್ಬಿಲಿ ಸೀಲ್ ಮಾಡಿ ಮಾರ್ಕ್ಸ್ ಬರೆದು ಕೊಡ್ತಾರೆ, ಆ ಡಬ್ಬಿಗೆ ಸ್ಲ್ಯಾಬ್ ಅಂತಾರೆ. 64ಕ್ಕೂ 65ಕ್ಕೂ ಮಧ್ಯ ವ್ಯತ್ಯಾಸ ಎಷ್ಟೋ ಸಲ ನನ್ನ ಕಣ್ಣಿಗೆ ಕಾಣಲ್ಲ, ಬೆಲೇಲಿ ಮಾತ್ರ ಚೆನ್ನಾಗಿ ಕಾಣುತ್ತೆ.

ನಾನು ಮೊದಲು ಮಾಡ್ಕೊಂಡ ಎಡವಟ್ಟು ಮಾರ್ಕ್ಸಿಗಿಂತ ಹಳೇದು. ಸ್ಲ್ಯಾಬ್ ಇಲ್ಲದ ದಿಬ್ಬದ ಟೈಪ್ ಒಂದು ಒಳ್ಳೇದೇ ಸಿಕ್ಕಿತ್ತು, ಮೇಲೆ ಸ್ವಲ್ಪ ಕಂದು ಛಾಯೆ. ನಾವು ಹಬ್ಬದ ಹಿಂದಿನ ದಿನ ಪೂಜೆ ಸಾಮಾನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕೋ ಮನೇಲಿ ಬೆಳೆದೋರು, ಕೊಳೆ ಇದ್ರೆ ತಿಕ್ಕಬೇಕು ಅನ್ನೋದು ರಕ್ತದಲ್ಲೇ ಇದೆ. ಅಡುಗೆ ಸೋಡಾ ಹಾಕಿ ತಿಕ್ಕಿದೆ, ಫಳಫಳ ಹೊಳೀತು, ಖುಷಿಯಾಗಿ ಒಬ್ಬ ವ್ಯಾಪಾರಿ ಹತ್ರ ತಗೊಂಡು ಹೋದ್ರೆ ಆತ ದೀಪದ ಕೆಳಗೆ ಒಂದೇ ಸಲ ತಿರುಗಿಸಿ ಏನೂ ಮಾತಾಡದೆ ವಾಪಸ್ ಕೊಟ್ಟ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯ್ತು, ಮೈ ಪೂರ್ತಿ ಕೂದಲೆಳೆಯಂಥ ಗೀರು, ಸ್ಟೀಲ್ ತಟ್ಟೆ ಥರ. ಹೊಸ ನಾಣ್ಯದ ಹೊಳಪೇ ಬೇರೆ ರೀ. ಅಚ್ಚು ಬಡಿದಾಗ ಲೋಹ ಹರಿದು ಸಣ್ಣ ಸಣ್ಣ ಗೆರೆ ಬಿದ್ದಿರುತ್ತೆ, ಅದರಿಂದ ನಾಣ್ಯ ಓರೆ ಮಾಡಿ ತಿರುಗಿಸಿದ್ರೆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತೆ. ಒಂದು ಸಲ ತಿಕ್ಕಿದ್ರೆ ಆ ಚಕ್ರ ನಿಂತು ಹೋಯ್ತು, ಮತ್ತೆ ಬರಲ್ಲ. ಇನ್ನು ಹಗುರ ಚಿನ್ನದ ಬಣ್ಣ, ಗುಲಾಬಿ, ತಿಳಿ ನೀಲಿ ಹೀಗೆ ತಾನಾಗೇ ಬಂದಿರೋ ಛಾಯೆಗೆ ಜನ ಹೆಚ್ಚಿಗೇ ದುಡ್ಡು ಕೊಡ್ತಾರೆ, ನಾನು ಅದನ್ನೇ ತಿಕ್ಕಿ ಸಿಂಕಿಗೆ ಬಿಟ್ಟಿದ್ದು.

ಎರಡನೇ ಎಡವಟ್ಟಿಗೆ ದುಡ್ಡು ಜಾಸ್ತಿ ಹೋಯ್ತು. ಸ್ಲ್ಯಾಬಲ್ಲೇ ಇರೋದು ತಗೊಂಡ್ರೆ ಮೋಸ ಇಲ್ವಲ್ಲ ಅಂದ್ಕೊಂಡು ಆನ್‌ಲೈನಲ್ಲಿ ಒಂದು 1926ರ ಡೆನ್ವರ್ ಟಂಕಸಾಲೆ ನಾಣ್ಯ ತರಿಸಿದೆ, ಎಂಎಸ್ 64 ಅಂದ್ರೆ ಮಿಂಟ್ ಸ್ಟೇಟ್ 64, ಅಂಕಿ ನೋಡಿದೆ ಒತ್ತಿದೆ, ಫೋಟೋ ಸರಿಯಾಗಿ ನೋಡ್ಲಿಲ್ಲ. ಬಂದ ಮೇಲೆ ನೋಡಿದ್ರೆ ಎಮ್ಮೆಗೆ ಕೊಂಬೇ ಇಲ್ಲ! ತಲೆ ಮೇಲಿನ ಕೂದಲು ಗಂಜಿ ಆಗಿದೆ, ಭುಜದ ಮೇಲೆ ತುಪ್ಪಳ ಇಲ್ಲ, ಮುಖ ಇರೋ ಕಡೆ ಆ ಮನುಷ್ಯನ ಜಡೆ ಗಂಟು ಕರಗಿ ಹೋಗಿದೆ. ಸವೆದಿದ್ದಕ್ಕೆ 64 ಯಾಕೆ ಕೊಟ್ರು ಅಂತ ಸಿಟ್ಟು ಬಂತು. ಸವೆದಿದ್ದಲ್ಲ ಅದು, ಹುಟ್ಟಿದ್ದೇ ಹಾಗೆ. ನಿಕಲ್ ಸೇರಿದ ಲೋಹ ಕಲ್ಲಿನಂಗೆ ಗಟ್ಟಿ, ಅಚ್ಚಿನ ಆಳಕ್ಕೆ ಹೋಗಿ ತುಂಬಿಕೊಳ್ಬೇಕು ಅಂದ್ರೆ ಜೋರಾಗಿ ಬಡೀಬೇಕು, ಜೋರಾಗಿ ಬಡಿದ್ರೆ ಅಚ್ಚು ಬೇಗ ಸೀಳುತ್ತೆ. 1920ರ ದಶಕದಲ್ಲಿ ಡೆನ್ವರ್ ಮತ್ತೆ ಸ್ಯಾನ್ ಫ್ರಾನ್ಸಿಸ್ಕೋದೋರು ಅಚ್ಚು ಬಾಳಿಕೆ ಬರ್ಲಿ ಅಂತ ಎರಡು ಅಚ್ಚಿನ ಮಧ್ಯ ಸ್ವಲ್ಪ ಹೆಚ್ಚು ಜಾಗ ಬಿಟ್ಟು, ಹಳೇ ಅಚ್ಚನ್ನೇ ಸವೆಯೋ ತನಕ ಓಡಿಸಿ ಕೆಲಸ ಮುಗಿಸ್ತಿದ್ರು. 1926ರ ಡೆನ್ವರ್ ಅಂತೂ ಇದಕ್ಕೇ ಕುಖ್ಯಾತಿ. ಫಿಲಡೆಲ್ಫಿಯಾದಲ್ಲಿ ಅಚ್ಚಾಗಿದ್ದು ಸಾಮಾನ್ಯವಾಗಿ ಎಷ್ಟೋ ವಾಸಿ.

ಇದ್ರಲ್ಲಿ ತಮಾಷೆ ಕೇಳಿ. ಚಲಾವಣೆಲಿ ಸವೆದ ಎಮ್ಮೆ ಬಿಲ್ಲೆಗೆ ಗ್ರೇಡ್ ಕೊಡೋದೇ ಕೊಂಬು ನೋಡಿ, ಕೊಂಬು ಮುಕ್ಕಾಲು ಇದ್ರೆ ಇಷ್ಟು, ಪೂರ್ತಿ ತುದಿ ತನಕ ಇದ್ರೆ ಇಷ್ಟು ಅಂತ. ಹೊಸ ನಾಣ್ಯಕ್ಕೆ ಬಂದ ಕೂಡ್ಲೆ ಕೊಂಬೇ ಇಲ್ದಿದ್ರೂ ಪರವಾಗಿಲ್ಲ, ಹೊಳಪಿದೆ ಗಾಯ ಇಲ್ಲ ತಗೋ 64. ಎಮ್ಮೆ ಬಿಲ್ಲೆ ಆದ್ಮೇಲೆ ಬಂದ ಜೆಫರ್ಸನ್ ನಿಕಲ್ಲಿಗೆ ಅದರ ಮೇಲಿನ ಮನೆಯ ಮೆಟ್ಟಿಲು ಪೂರ್ತಿ ಮೂಡಿದ್ರೆ ಲೇಬಲ್ ಮೇಲೆ ಬರೀತಾರೆ, ಸ್ಟ್ಯಾಂಡಿಂಗ್ ಲಿಬರ್ಟಿ ಅನ್ನೋ 25 ಸೆಂಟಿನ ನಾಣ್ಯಕ್ಕೆ ಅದರಲ್ಲಿ ನಿಂತಿರೋ ಹೆಣ್ಣಿನ ತಲೆ ಪೂರ್ತಿ ಇದ್ರೆ ಬರೀತಾರೆ, ಎಮ್ಮೆಗೆ ಮಾತ್ರ ಯಾಕೆ ಈ ಮಲತಾಯಿ ಧೋರಣೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ನನ್ನ ಪ್ರಕಾರ ಕೊಂಬು, ತುಪ್ಪಳ, ಜಡೆ ಗಂಟು ಎಲ್ಲ ಇರೋ 63 ಒಂದು ಕಡೆ, ಬೋಳು 65 ಇನ್ನೊಂದು ಕಡೆ ಇಟ್ರೆ, ನಾನು 63 ಎತ್ಕೊಂಡು ಮನೆಗೆ ಬರ್ತೀನಿ. ಇದನ್ನ ಒಪ್ಪದೆ ಇರೋರೇ ಜಾಸ್ತಿ, ಯಾಕಂದ್ರೆ ಯಾರ ಸೆಟ್ಟಿಗೆ ಮಾರ್ಕ್ಸ್ ಜಾಸ್ತಿ ಅಂತ ಪಟ್ಟಿ ಇದೆ, ಆ ಪಟ್ಟೀಲಿ ಮೇಲೆ ಹೋಗೋದಕ್ಕೆ ಅಂಕಿ ಬೇಕು ಕೊಂಬು ಬೇಕಿಲ್ಲ. ಕೆಲವರು ಸ್ಲ್ಯಾಬ್ ಒಡೆದು ನಾಣ್ಯ ಆಚೆ ತೆಗೆದು ಈ ಸಲ ಒಂದು ಮಾರ್ಕ್ಸ್ ಜಾಸ್ತಿ ಬರಬಹುದು ಅಂತ ಮತ್ತೆ ಮತ್ತೆ ಕಳಿಸ್ತಾರೆ, ಥೇಟ್ ನಮ್ಮ ಪಿಯುಸಿ ರೀವ್ಯಾಲ್ಯುಯೇಷನ್. ಹಳೇ ಲೇಬಲ್ ವಾಪಸ್ ಕೊಡದೆ ಇದ್ರೆ ಒಂದೇ ನಾಣ್ಯ ಕಂಪನಿ ಲೆಕ್ಕದಲ್ಲಿ ಮೂರು ಸಲ ಬರುತ್ತೆ, ಅದಕ್ಕೇ ಇಂಥ ಗ್ರೇಡಲ್ಲಿ ಇಷ್ಟೇ ಇರೋದು ಅನ್ನೋ ಪಟ್ಟಿನೂ ಪೂರ್ತಿ ನಂಬೋ ಹಾಗಿಲ್ಲ.

ಮೂರು ಕಾಲಿನ ಎಮ್ಮೆ ಬಗ್ಗೆ ಹೇಳ್ದೆ ಇದ್ರೆ ತಪ್ಪಾಗುತ್ತೆ, ಎಲ್ರೂ ಕೇಳೋದು ಅದನ್ನೇ. 1937ರ ಡೆನ್ವರ್ ನಾಣ್ಯ. ಅಚ್ಚುಗಳು ಒಂದಕ್ಕೊಂದು ಬಡ್ಕೊಂಡು ಗುರುತು ಬಿದ್ದಿತ್ತು, ಅದನ್ನ ಉಜ್ಜಿ ತೆಗೆಯೋಕೆ ಹೋದೋರು ಮುಂಗಾಲು ಒಂದನ್ನೂ ಉಜ್ಜಿಬಿಟ್ರು. ಪಾದ ಇದೆ, ಕಾಲಿಲ್ಲ. ಇದಕ್ಕೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಮಾಮೂಲಿ ಎಮ್ಮೆ ಕಾಲು ಕೆರೆದು ಮಾರೋರು ಹುಟ್ಕೊಂಡ್ರು. ಅಸಲಿ ಹೇಗೆ ಗೊತ್ತಾಗುತ್ತೆ ಅಂದ್ರೆ ಹೊಟ್ಟೆ ಕೆಳಗಿಂದ ನೆಲದ ತನಕ ಉಬ್ಬಿದ ಸಣ್ಣ ಚುಕ್ಕೆಗಳ ಒಂದು ಸಾಲು ಇರುತ್ತೆ, ಎಮ್ಮೆ ಏನ್ ಮಾಡ್ತಿದೆ ಅಂತ ನಾನು ಇಲ್ಲಿ ಬರೆಯಲ್ಲ, ನೀವೇ ಊಹೆ ಮಾಡ್ಕೊಳ್ಳಿ. ಕಾಲು ಕೆರೆದೋರಿಗೆ ಆ ಚುಕ್ಕೆ ಉಬ್ಬಿಸೋಕಾಗಲ್ಲ.

ಎಮ್ಮೆಗಿಂತ ಮೊದಲು ಇದ್ದಿದ್ದು ಲಿಬರ್ಟಿ ನಿಕಲ್, 1912ಕ್ಕೆ ನಿಲ್ಲಬೇಕಿತ್ತು, ಆದ್ರೆ 1913ರ ಇಸವಿ ಇರೋದು ಹೆಂಗೋ ಐದು ಹುಟ್ಕೊಂಡಿವೆ, ಬರೀ ಐದು. ಅದ್ರಲ್ಲಿ ಒಂದು ಜಾರ್ಜ್ ವಾಲ್ಟನ್ ಅನ್ನೋರ ಹತ್ರ ಇತ್ತು, 1962ರಲ್ಲಿ ಅವರು ಕಾರ್ ಆಕ್ಸಿಡೆಂಟಲ್ಲಿ ತೀರಿಕೊಂಡ್ರು, ನಾಣ್ಯ ನೋಡಿದೋರು ಇದು ನಕಲಿ, ಇಸವಿ ತಿದ್ದಿದ್ದು ಅಂತ ಮನೆಯೋರಿಗೆ ವಾಪಸ್ ಕೊಟ್ರು. ನಲವತ್ತು ವರ್ಷ ಅದು ಬೀರುವಲ್ಲಿ ಬಿದ್ದಿತ್ತು. 2003ರಲ್ಲಿ ಬಾಲ್ಟಿಮೋರಿಗೆ ಉಳಿದ ನಾಲ್ಕನ್ನೂ ತಂದಿಟ್ಟಾಗ ಪಕ್ಕದಲ್ಲಿಟ್ಟು ನೋಡಿದ್ರೆ ಅಸಲಿ! 2013ರಲ್ಲಿ 31 ಲಕ್ಷದ 72 ಸಾವಿರದ 500 ಡಾಲರಿಗೆ ಹೋಯ್ತು. ನನ್ನ ಹೆಂಡ್ತಿಗೆ ನಾನು ಈ ಕಥೆ ತಿಂಗಳಿಗೊಂದ್ಸಲ ಹೇಳ್ತೀನಿ, ಹೊಸ ಪಾರ್ಸೆಲ್ ಬಂದ ದಿನ. ಅವ್ಳು ಲಕ್ಷ್ಮೀಪೂಜೆಗೆ ನನ್ನ ನಾಣ್ಯ ಇಡ್ತೀನಿ ಅಂತ ಕೂತಾಗ ಡಬ್ಬಿ ಸಮೇತ ಇಡು, ಅರಿಶಿನ ಕುಂಕುಮ ಡಬ್ಬಿ ಮೇಲೆ ಹಾಕು ಅಂತ ಒಪ್ಪಂದ ಆಗಿದೆ. ಸ್ಲ್ಯಾಬಿನ ನಿಜವಾದ ಉಪಯೋಗ ಇದೇ ಅನ್ಸುತ್ತೆ.

ಅಮ್ಮಂಗೆ ಫೋಟೋ ಕಳ್ಸಿದ್ದು 1928ರ ಸ್ಯಾನ್ ಫ್ರಾನ್ಸಿಸ್ಕೋದು. ಬಾಲ್ಟಿಮೋರ್ ಕಾಯಿನ್ ಶೋನಲ್ಲಿ ಬೆಳಿಗ್ಗೆಯಿಂದ ಟೇಬಲ್ ಟೇಬಲ್ ಸುತ್ತಿ ಕಾಲು ಬಿದ್ದು ಹೋಗಿ, ಮೂರು ಗಂಟೆಗೆ ಮೂಲೆಯ ಒಂದು ಟ್ರೇನಲ್ಲಿ ಸಿಕ್ತು. ಲೇಬಲ್ ಮೇಲೆ 63, ಮುಖ ಇರೋ ಕಡೆ ಕೆನ್ನೆ ಮೇಲೆ ಒಂದು ಗಾಯ, ಅದಕ್ಕೇ ಮಾರ್ಕ್ಸ್ ಕಟ್. ಆದ್ರೆ ಕೊಂಬು! ತುದಿ ತನಕ ಬಂದಿದೆ, ತಲೆ ಮೇಲಿನ ಸುರುಳಿ ಸುರುಳಿ ಕೂದಲು ಎಣಿಸಬಹುದು. ಅದರ ಪಕ್ಕದಲ್ಲೇ ಅದೇ ಇಸವಿಯ 65 ಇತ್ತು, ತಲೆ ಮೇಲೆ ಇಸ್ತ್ರಿ ಓಡಿಸಿದ ಹಾಗೆ. ಬೆಲೆ ನಾಲ್ಕೈದು ಪಟ್ಟು. ವ್ಯಾಪಾರಿ ಎರಡನ್ನೂ ನನ್ನ ಕೈಗೆ ಕೊಟ್ಟು ನಕ್ಕ, ಅವನಿಗೂ ಗೊತ್ತಿತ್ತು.

ಈಗ ಆಲ್ಬಮಲ್ಲಿ ದೊಡ್ಡ ಖಾಲಿ ಜಾಗ ಅಂದ್ರೆ 1926ರ ಸ್ಯಾನ್ ಫ್ರಾನ್ಸಿಸ್ಕೋ. ಅಚ್ಚಾಗಿದ್ದೇ 9,70,000, ಇಡೀ ಸರಣೀಲಿ ಹತ್ತು ಲಕ್ಷ ಮುಟ್ಟದೆ ಇದ್ದಿದ್ದು ಅದೊಂದೇ. ಒಳ್ಳೆ ಗ್ರೇಡಲ್ಲಿ ಬೇಕು ಅಂದ್ರೆ ಕಾರು ಮಾರಬೇಕು, ಕೊಂಬೂ ಬೇಕು ಅಂದ್ರೆ ಇನ್ನೂ ಏನೇನು ಮಾರಬೇಕೋ. ಆ ಖಾನೆ ಬೋಳಾಗಿ ಕಾಣೋದು ಬೇಡ ಅಂತ ಸಂತೇಲಿ ಒಂದು ಡಾಲರಿಗೆ ತಂದ ಆ ಮೊದಲನೇ ಎಮ್ಮೆನ ಅಲ್ಲಿ ಕೂರಿಸಿದೀನಿ. ಎಸ್ ಇದೆ, ನೆಲ ಸಪಾಟಿದೆ, ಇಸವಿ ಇಲ್ಲ, 1926 ಅಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಇಸವಿ ಇದ್ದ ಜಾಗಕ್ಕೆ ಒಂದು ತೊಟ್ಟು ಫೆರಿಕ್ ಕ್ಲೋರೈಡ್ ಬಿಟ್ರೆ ಮಾಸಿದ ಅಂಕಿ ಮತ್ತೆ ಮೂಡುತ್ತೆ, ಅದಕ್ಕೇ ಅಂತ ಬಾಟ್ಲಿ ಮಾರ್ತಾರೆ ಇಲ್ಲಿ. ಗೆಳೆಯ ಒಬ್ಬ ತಂದೂ ಕೊಟ್ಟ. ಡ್ರಾಯರಲ್ಲಿ ಇಟ್ಟಿದೀನಿ, ಮುಚ್ಚಳ ತೆಗೆದಿಲ್ಲ.