ಎಲ್ಲಾ ಟ್ಯಾಂಕಿಗೂ ಒಂದೇ ಡಬ್ಬಿ ಕಳಿಸಿದರೆ ಹೀಗೇ ಆಗೋದು

ಬೆಂಗಳೂರಿನ ಆಫೀಸುಗಳಲ್ಲಿ ಅಕ್ವೇರಿಯಂ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ನೋಡಿಕೊಳ್ಳುವ ಕೆಲಸ ನನ್ನದು. ಸ್ಟೋರಿನಿಂದ ಏನು ಬರುತ್ತದೋ ಅದನ್ನೇ ಸೈಟಿಗೆ ಕೊಡಬೇಕು. ಡಿಸ್ಕಸ್ ಇರಲಿ, ಗೋಲ್ಡ್‌ಫಿಶ್ ಇರಲಿ, ಸ್ಟೋರಿಗೆ ಕಳಿಸುವ ಬೇಡಿಕೆ ಪಟ್ಟಿ, ಅಂದರೆ ಇಂಡೆಂಟಿನಲ್ಲಿ ‘ಫಿಶ್ ಫುಡ್’ ಅಂತ ಒಂದೇ ಸಾಲು. ಆ ಒಂದು ಸಾಲಿನಿಂದ ಒಂದು ಸೈಟಿನಲ್ಲಿ ಚೆಂದದ ಮೀನುಗಳು ಸತ್ತವು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅದು ರಿಸೆಪ್ಷನ್ ಟ್ಯಾಂಕ್, ನಾಲ್ಕಡಿ, ಒಳಗೆ ಕಲ್ಲಿನ ರಾಶಿ, ಡೆಮಾಸೋನಿಗಳ ಗುಂಪು. ಬೆರಳುದ್ದದ ಮೀನು, ನೀಲಿ ಮೈಗೆ ಕಪ್ಪು ಪಟ್ಟೆ. ಆಫ್ರಿಕಾದ ಮಲಾವಿ ಸರೋವರದಲ್ಲಿ ಬಂಡೆಗಳ ನಡುವೆ ಬದುಕುವ ಎಂಬೂನಾ ಗುಂಪಿಗೆ ಸೇರಿದ್ದು. ಅಲ್ಲಿ ಬಂಡೆಗೆ ಅಂಟಿದ ಪಾಚಿಯನ್ನು ದಿನವಿಡೀ ಕೆರೆದು ತಿನ್ನುತ್ತದೆ, ಅದಕ್ಕೆ ತಕ್ಕಂತೆ ಕರುಳೂ ಉದ್ದ.

ಬೆಳಿಗ್ಗೆ ಅಡ್ಮಿನ್ ಮೇಡಂ ಫೋನ್ ಬಂತು, ಎರಡು ಮೀನು ಊದಿಕೊಂಡಿವೆ, 11 ಗಂಟೆಗೆ ಗೆಸ್ಟ್ ಬರ್ತಾರೆ, ತಕ್ಷಣ ಬನ್ನಿ ಅಂತ. ಹೋದೆ. ಇಂಥ ಸಮಯದಲ್ಲಿ ಎಲ್ಲರೂ ಮೊದಲು ನೀರನ್ನೇ ಅನುಮಾನಿಸುತ್ತಾರೆ, ನಾನೂ ನೀರು ಪರೀಕ್ಷಿಸುವ ಕಿಟ್ ತೆಗೆದೆ. ಅಮೋನಿಯಾ ಟ್ಯೂಬಿಗೆ ಹನಿ ಹಾಕಿ, ಕುಲುಕಿ, ಬಣ್ಣ ಬರಲು ಐದು ನಿಮಿಷ ಕಾಯಬೇಕು. ಮೇಡಂ ಹಿಂದೆಯೇ ನಿಂತಿದ್ದರು. "ನೀರು ಚೇಂಜ್ ಮಾಡ್ಬಿಡಿ, ಸರಿಹೋಗುತ್ತೆ ಅಲ್ವಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಟ್ಯೂಬ್ ಹಳದಿಯಾಗಿಯೇ ಉಳಿಯಿತು. ಮೀನಿಗೆ ವಿಷವಾಗುವ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಫಿಲ್ಟರ್ ಸರಿಯಾಗಿ ಓಡುತ್ತಿತ್ತು.

ಆಮೇಲೆ ಮೀನಿನ ಆಹಾರದ ನಾಲ್ಕು ಕಾಳು ಹಾಕಿ ಸುಮ್ನೆ ನೋಡುತ್ತಾ ಕೂತೆ. ಕೆಲವು ಮೀನು ಬಂದು ತಿಂದವು. ಒಂದು ಬಾಯಿಗೆ ಹಾಕಿಕೊಂಡು ಉಗುಳಿತು, ಮತ್ತೆ ಹಿಡಿಯಿತು, ಮತ್ತೆ ಉಗುಳಿತು. ಅದರ ಹಿಂದೆ ಬಿಳಿ ದಾರದಂಥ ಮಲ ಜೋತಾಡುತ್ತಿತ್ತು. ಮಲಾವಿ ಮೀನು ಸಾಕಿದವರಿಗೆ ಇದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಬ್ಲೋಟ್, ಹೊಟ್ಟೆ ಊದುವ ಕಾಯಿಲೆ!

ದಿನಾ ಆಹಾರ ಹಾಕುತ್ತಿದ್ದದ್ದು ಸೆಕ್ಯುರಿಟಿಯವರು. "ಅಣ್ಣ, ಏನು ಹಾಕ್ತಿದ್ದೀರಿ, ತೋರಿಸಿ" ಅಂದೆ. ಡ್ರಾಯರಿನಿಂದ ಕೆಂಪು ಕಾಳಿನ ಹೊಸ ಡಬ್ಬಿ ತೆಗೆದರು. ಜೊತೆಗೆ ಒಣಗಿಸಿದ ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳ. "ನಿಮ್ಮ ಸೂಪರ್‌ವೈಸರ್ ಕೊಟ್ಟು ಹೋದ್ರು ಸಾರ್, ಬೆಳಿಗ್ಗೆ ಸಂಜೆ ಹಾಕಿ, ಕಲರ್ ಬರುತ್ತೆ ಅಂದ್ರು." ಡಬ್ಬಿ ತಿರುಗಿಸಿ ಓದಿದೆ. ಮೊದಲ ಹೆಸರು ಮೀನಿನ ಪುಡಿ, ಎರಡನೆಯದು ಸಿಗಡಿ ಪುಡಿ, ಪಾಚಿ ಕೊನೆಯ ಸಾಲಿನಲ್ಲಿ ಎಲ್ಲೋ. ಫ್ಲವರ್‌ಹಾರ್ನ್ ಥರದ ಮೀನಿಗೆ ಒಳ್ಳೆಯ ಆಹಾರವೇ. ಆದರೆ ಪಾಚಿ ತಿನ್ನುವ ಮೀನಿಗೆ ದಿನಕ್ಕೆರಡು ಸಲ ಮಾಂಸದೂಟ ಹಾಕಿದ ಹಾಗಾಯಿತು. ಬ್ಲೋಟಿಗೆ ಒಂದೇ ಕಾರಣ ಅಂತಲ್ಲ, ಜಗಳ, ಭಯ, ಕೆಟ್ಟ ನೀರು ಎಲ್ಲಾ ಸೇರಬಹುದು, ಆದರೆ ಈ ಟ್ಯಾಂಕಿನಲ್ಲಿ ಬದಲಾಗಿದ್ದು ಡಬ್ಬಿ ಮಾತ್ರ.

ಅದಕ್ಕಿಂತ ಬೇಜಾರಾಗಿದ್ದು ಆ ಕಲರ್ ಮಾತು. ಕೆಂಪು, ಕಿತ್ತಳೆ, ಹಳದಿ ಬಣ್ಣದ ಮೀನಿಗೆ ಅಸ್ಟಾಕ್ಸಾಂಥಿನ್ ಅನ್ನುವ ಕೆಂಪು ಬಣ್ಣದ ಅಂಶ ಇರುವ ಆಹಾರ ನಿಜವಾಗಿಯೂ ಕೆಲಸ ಮಾಡುತ್ತದೆ, ಯಾಕೆಂದರೆ ಮೀನು ಆ ಥರದ ಬಣ್ಣವನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಬರಬೇಕು. ಡೆಮಾಸೋನಿಯ ನೀಲಿ ಹಾಗಲ್ಲ. ಚರ್ಮದ ಕೋಶಗಳು ಬೆಳಕನ್ನು ಹಿಂದಕ್ಕೆ ಎಸೆಯುವ ರೀತಿಯಿಂದ ಬರುವ ಬಣ್ಣ ಅದು. ಕೆಂಪು ಕಾಳು ಎಷ್ಟು ಹಾಕಿದರೂ ನೀಲಿ ಏರುವುದಿಲ್ಲ.

"ಗೆಸ್ಟ್ ಬರೋ ಹೊತ್ತಿಗೆ ಟ್ಯಾಂಕ್ ಕದಡ್ಬೇಡಿ" ಅಂದರು ಮೇಡಂ. ಕಲ್ಲು ತೆಗೆಯದೆ ಎಂಬೂನಾ ಹಿಡಿಯುವುದು ಹೇಗೆ? ಹೀಟರ್ ಮೂಲೆಯಲ್ಲಿ ಮೇಲೆ ನಿಂತಿದ್ದ ಕಾಯಿಲೆ ಮೀನುಗಳನ್ನು ಎರಡು ಬಲೆ ಒಡ್ಡಿ ಹೇಗೋ ಹಿಡಿದೆ, ಕವರಿಗೆ ಹಾಕಿ ನಮ್ಮ ಅಂಗಡಿಗೆ ಒಯ್ದು ಬೇರೆ ಟ್ಯಾಂಕಿನಲ್ಲಿ ಮೆಟ್ರೋನಿಡಜೋಲ್ ಔಷಧ ಶುರು ಮಾಡಿದೆವು. ಇನ್ನೂ ತಿನ್ನುತ್ತಿದ್ದ ಮೀನುಗಳು ಬದುಕಿದವು. ಊಟ ಬಿಟ್ಟಿದ್ದ ಮೀನುಗಳು ಬದುಕಲಿಲ್ಲ.

ದೊಡ್ಡ ಟ್ಯಾಂಕಿಗೆ ಕೆಲವು ದಿನ ಉಪವಾಸ. ಆಮೇಲೆ ಸ್ಪಿರುಲಿನಾ ಅನ್ನುವ ಪಾಚಿಯ ಕಾಳು, ಸ್ವಲ್ಪವೇ, ನಡುನಡುವೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪಾಲಕ್. ಆ ಕೆಂಪು ಕಾಳಿನ ಬಗ್ಗೆ ಸೂಪರ್‌ವೈಸರ್ ಹೇಳಿದ್ದು, "ಅದರಲ್ಲಿ ಪ್ರೋಟೀನ್ ಜಾಸ್ತಿ ಇತ್ತಲ್ಲಪ್ಪಾ." ಡಬ್ಬಿ ಮೇಲಿನ ಶೇಕಡಾ ನೋಡಿ ಆಹಾರ ಆರಿಸುವವರಿಗೆಲ್ಲ ನಾನು ಹೇಳುವುದು ಇದೇ: ಒಣ ಸ್ಪಿರುಲಿನಾದಲ್ಲೂ ಸುಮಾರು 60% ಪ್ರೋಟೀನ್ ಇರುತ್ತದೆ. ಎಷ್ಟು ಅನ್ನುವುದರ ಜೊತೆಗೆ ಯಾವುದರಿಂದ ಬಂದದ್ದು ಅಂತಲೂ ನೋಡಬೇಕು. ಹಿಂಬದಿಯ ಮೊದಲ ಮೂರು ಹೆಸರು ಓದಿ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ. ಬೆಟ್ಟಾ ಹುಳ ತಿನ್ನುವ ಮೀನು, ಅದಕ್ಕೆ ಪಾಲಕ್ ತೋರಿಸಿ ಪ್ರಯೋಜನವಿಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ತಾರೀಖಿಲ್ಲದ ಲೂಸ್ ಪ್ಯಾಕೆಟ್ ತರಬೇಡಿ. ಡಬ್ಬಿ ತೆರೆದ ಮೇಲೆ ವಿಟಮಿನ್ ಸಿ ಕಡಿಮೆಯಾಗುತ್ತಾ ಹೋಗುತ್ತದೆ, ಎಣ್ಣೆ ಕಮಟಾಗುತ್ತದೆ. ಬೇಗ ಮುಗಿಯುವಷ್ಟು ಚಿಕ್ಕ ಡಬ್ಬಿಯೇ ಸಾಕು.

ಇಂಡೆಂಟ್ ಫಾರ್ಮಿನಲ್ಲಿ ಮೀನಿನ ಹೆಸರಿಗೆ ಒಂದು ಕಾಲಂ ಕೊಡಿ ಅಂತ ಕೇಳಿದ್ದೆ. ಸಾಫ್ಟ್‌ವೇರ್‌ನಲ್ಲಿ ಆಗಲ್ಲ ಅಂದರು. ಈಗ ರಿಮಾರ್ಕ್ಸ್ ಜಾಗದಲ್ಲಿ ಬರೆಯುತ್ತಿದ್ದೇನೆ, ಬೇರೆ ಡಬ್ಬಿ ಬಂದರೆ ಸೀಲ್ ಒಡೆಯದೆ ವಾಪಸ್ ಕಳಿಸುತ್ತೇನೆ.