ಒಂದು ಆಮೆಗೆ ಮೂರು ತಿಂಗಳಾ?

ನಮ್ಮ ಜಗಲಿಗೆ ಬಂದವರೆಲ್ಲ ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸ್ ನೋಡಿ ಕೇಳುವುದು ಒಂದೇ. "ಇನ್ನೂ ಮುಗೀಲಿಲ್ವಾ ಮಾರಾಯ್ತಿ? ಒಂದು ಆಮೆಗೆ ಮೂರು ತಿಂಗಳಾ?" ಆಮೆ ಅಂದ್ಮೇಲೆ ನಿಧಾನವೇ ಬಿಡಿ ಎಂಬ ಜೋಕೂ ಜೊತೆಗೇ ಬರುತ್ತದೆ. ಅದಕ್ಕೆ ನಗುವುದನ್ನು ಬಿಟ್ಟಿದ್ದೇನೆ. ಪ್ರಶ್ನೆಗೆ ಮಾತ್ರ ಉತ್ತರ ಇದೆ: ನಾನು ಬ್ರಷ್ ಹಿಡಿದದ್ದು ಎಲ್ಲ ಸೇರಿ ಹನ್ನೆರಡು ದಿನ. ಉಳಿದದ್ದು ಒಣಗಲಿ ಅಂತ ಕಾದದ್ದು.

ಆಯಿಲ್ ಪೇಂಟ್‌ನಲ್ಲಿ ಹೆಚ್ಚಾಗಿ ಇರುವುದು ಅಗಸೆ ಎಣ್ಣೆ. ನೀರಾದರೆ ಆವಿಯಾಗಿ ಹೋಗುತ್ತದೆ. ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಕೂತಲ್ಲೇ ಗಟ್ಟಿಯಾಗುತ್ತದೆ. ಬೆಚ್ಚಗಿನ ಒಣಹವೆ ಇದ್ದರೆ ಬೇಗ. ನಾನಿರುವುದು ತೀರ್ಥಹಳ್ಳಿ ಕಡೆ. ಜುಲೈಯಲ್ಲಿ ಒಗೆದ ಟವೆಲ್ಲೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ಆಮೆ ಒಣಗುತ್ತದಾ?

ಒಮ್ಮೆ ತಾಳ್ಮೆ ಕೆಟ್ಟು ಕ್ಯಾನ್ವಾಸನ್ನು ಬಚ್ಚಲೊಲೆ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ಹಸಿ ಬಣ್ಣದ ತುಂಬ ಮಸಿ. ಎರಡು ದಿನದ ಕೆಲಸ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಹೋಯಿತು.

ಎಲ್ಲ ಬಣ್ಣವೂ ಒಂದೇ ಥರ ಒಣಗುವುದಿಲ್ಲ. ಅಂಬರ್ ಎಂಬ ಕಂದುಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ. ಹಾಗಾಗಿ ಮೊದಲ ಪದರ ಅದರಲ್ಲೇ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ. ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಒಳಗಿನದು ಹಸಿ ಇರುವಾಗಲೇ ಮೇಲಿನದು ಗಟ್ಟಿಯಾಗಿ, ಮುಂದೆ ಬಿರುಕು ಬಿಡುತ್ತದೆ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ದಿನಾ ಹೋಗುತ್ತಾ ಬರುತ್ತಾ ನೋಡುತ್ತೇನಲ್ಲ, ಆಗ ತಪ್ಪು ಕಾಣುತ್ತದೆ. ಜೂನ್ ಕೊನೆಗೆ ಕಂಡದ್ದು ಬೆನ್ನಿನ ಬಿಲ್ಲೆಗಳು. ನಡುಸಾಲಿನ ಎರಡೂ ಪಕ್ಕ ನಾಲ್ಕು ನಾಲ್ಕು ಬರೆದಿದ್ದೆ. ನಾಲ್ಕು ಇರುವುದು ಹಸಿರು ಕಡಲಾಮೆಗೆ! ನಾನು ಬರೆಯಬೇಕಿದ್ದದ್ದು ಆಲಿವ್ ರಿಡ್ಲಿ ಎಂಬ ಬೇರೆ ಜಾತಿಯ ಕಡಲಾಮೆ. ಅದಕ್ಕೆ ಸಾಮಾನ್ಯವಾಗಿ ಆರು, ಕೆಲವಕ್ಕೆ ಇನ್ನೂ ಜಾಸ್ತಿ. ಹಳೆ ಫೋಟೋ ತೆಗೆದು ಎಣಿಸಿದೆ, ಆರೇ.

ಆ ಆಮೆಯನ್ನು ನಾನು ನೋಡಿದ್ದು ಘಟ್ಟ ಇಳಿದು, ಹೊನ್ನಾವರದ ಕಾಸರಕೋಡಿನಲ್ಲಿ. ಬೆಳಗಿನ ಹೊತ್ತು, ಮೊಟ್ಟೆಯಿಟ್ಟು ಕಡಲಿಗೆ ವಾಪಸ್ ತೆವಳುತ್ತಿತ್ತು. ಕಣ್ಣಿಂದ ಲೋಳೆಯಂಥ ನೀರು ಇಳಿದು ಮರಳು ಮೆತ್ತಿಕೊಂಡಿತ್ತು. "ಪಾಪ, ಅಳ್ತಾ ಇದೆ" ಎಂದರು ಜೊತೆಗಿದ್ದವರು. ಅಳುವಲ್ಲ ಅದು. ಮೈಯಲ್ಲಿ ಹೆಚ್ಚಾದ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿ ಹೊರಗೆ ಹಾಕುತ್ತದೆ. ಆ ಕಣ್ಣು ನನ್ನ ತಲೆಯಲ್ಲಿ ಎಷ್ಟು ಕೂತಿತ್ತೆಂದರೆ, ಚಿತ್ರದಲ್ಲಿ ನೀರೊಳಗೆ ಈಜುವ ಆಮೆಗೂ ಅದೇ ಒದ್ದೆ ಹೊಳಪು ಕೊಟ್ಟುಬಿಟ್ಟೆ. ನೀರೊಳಗೆ ಕಣ್ಣೀರು ಎಲ್ಲಿ ಕಾಣುತ್ತದೆ? ಒರೆಸಿದೆ.

ಬಣ್ಣದಲ್ಲೂ ಅದೇ ಎಡವಟ್ಟು. ದಡದ ಬಿಸಿಲಲ್ಲಿ ಕಂಡ ಕೆಂಪು ಮಿಶ್ರಿತ ಕಂದು ಹಾಗೇ ಬಳಿದಿದ್ದೆ. ಮರಳ ಮೇಲಿನ ಆಮೆಯನ್ನು ಕತ್ತರಿಸಿ ನೀರಿಗೆ ಅಂಟಿಸಿದಂತಿತ್ತು. ನೀರಿನಲ್ಲಿ ಬೆಳಕಿನ ಕೆಂಪು ಮೊದಲ ಕೆಲವು ಮೀಟರಿನಲ್ಲೇ ಮಾಯವಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಎಣ್ಣೆ ಸೇರಿಸಿ, ಕೆಳಗಿನದು ಕಾಣುವಷ್ಟು ತೆಳುವಾಗಿ ಚಿಪ್ಪಿನ ಮೇಲೆ ಎಳೆದೆ. ಅದಕ್ಕೆ ಕೆಳಗಿನ ಪದರ ಒಣಗಿರಲೇಬೇಕು, ಇಲ್ಲದಿದ್ದರೆ ಎರಡೂ ಕಲಸಿ ರಾಡಿ. ಆ ಒಂದು ನೀಲಿಗಾಗಿ ಹದಿನೆಂಟು ದಿನ ಕಾದೆ. ಬಳಿಯಲು ಹಿಡಿದದ್ದು ಅರ್ಧ ಗಂಟೆ. ಆಮೆ ಆಗ ನೀರಿಗಿಳಿಯಿತು.

ವಾರ್ನಿಷ್ ಇನ್ನೂ ಹಾಕಿಲ್ಲ. ಮಳೆಗಾಲ ಕಳೆದು ಫೆಬ್ರವರಿ ಬರಲಿ. ಮೊನ್ನೆ ಪಕ್ಕದ ಮನೆ ದೊಡ್ಡಮ್ಮ "ಒಣಗಿದೆಯಲ್ಲೇ" ಎನ್ನುತ್ತಾ ಹೆಬ್ಬೆರಳು ಒತ್ತಿಯೇಬಿಟ್ಟರು. ಐದನೇ ಬಿಲ್ಲೆಯ ಮೇಲೆ ಗೆರೆಗೆರೆಯಾಗಿ ಅಚ್ಚು ಬಿದ್ದಿದೆ. ನೋಡಿದರೆ ಪಾಚಿ ಕಟ್ಟಿದ ಹಾಗೇ ಇದೆ. ಅಳಿಸಿಲ್ಲ.